ಕಂಪ್ಯೂಟರಿನ ಒಂದು ಕೋರನ್ನು ಒಂದೇ ಕೆಲಸಕ್ಕೆ ಮೀಸಲಿಟ್ಟರೆ ವೇಗ ಹೆಚ್ಚುತ್ತದೆಯೇ?

‘ನಿಮ್ಮ ಕಂಪ್ಯೂಟರಿನಲ್ಲಿ ನಾಲ್ಕೋ ಎಂಟೋ ಕೋರ್‌ಗಳಿದ್ದರೂ ವಿಂಡೋಸ್ ಬಳಸುವುದು ಒಂದನ್ನು ಮಾತ್ರ. ಈ ಸೆಟ್ಟಿಂಗ್ ಬದಲಿಸಿ, ಎಲ್ಲ ಕೋರ್‌ಗಳನ್ನೂ ಎಬ್ಬಿಸಿ!’ ಇಂತಹ ಸಲಹೆ ಬಹಳ ವರ್ಷಗಳಿಂದ ವಿಡಿಯೊ, ಫಾರ್ವರ್ಡ್‌ಗಳ ರೂಪದಲ್ಲಿ ಸುತ್ತುತ್ತಲೇ ಇದೆ. ಇದರ ಜೊತೆಗೆ ಇನ್ನೊಂದು ಸಲಹೆಯೂ ಬರುತ್ತದೆ: ‘ನಿಮಗೆ ಬೇಕಾದ ಪ್ರೋಗ್ರಾಂಗೆ ರಿಯಲ್‌ಟೈಮ್ ಆದ್ಯತೆ ಕೊಡಿ, ಒಂದು ಕೋರನ್ನು ಅದಕ್ಕೇ ಬಿಟ್ಟುಕೊಡಿ, ಆಮೇಲೆ ನೋಡಿ ಮಜಾ.’

ನಮ್ಮ ಪರಿಚಯದ ಡಿಟಿಪಿ ಅಂಗಡಿಯವರೊಬ್ಬರು ಮೊದಲ ಸಲಹೆಯನ್ನು ಪಾಲಿಸಿದ್ದರು. ಲಗ್ನಪತ್ರಿಕೆಯ ಸೀಸನ್, ಕೆಲಸ ಜಾಸ್ತಿ, ಕಂಪ್ಯೂಟರ್ ನಿಧಾನ. ಫಾರ್ವರ್ಡ್ ಹೇಳಿದಂತೆ ಟಿಕ್ ಹಾಕಿದರು, ಪಕ್ಕದ ಪಟ್ಟಿಯಲ್ಲಿ ಯಾವ ಸಂಖ್ಯೆ ಆರಿಸಿದರೆಂದು ಗಮನಿಸಲಿಲ್ಲ. ಅಂದಿನಿಂದ ಯಂತ್ರ ಇನ್ನೂ ನಿಧಾನವಾಯಿತು. ‘ಇದರ ಆಯಸ್ಸು ಮುಗೀತು’ ಅಂದುಕೊಂಡು ಹೊಸ ಕಂಪ್ಯೂಟರಿಗೆ ಸಾಲ ಮಾಡಲು ಹೊರಟಿದ್ದರು. ನಾವು ನೋಡಿದಾಗ ಆ ಪಟ್ಟಿಯಲ್ಲಿ 1 ಎಂದಿತ್ತು. ಟಿಕ್ ತೆಗೆದು ರೀಸ್ಟಾರ್ಟ್ ಮಾಡಿದ ಮೇಲೆ ಯಂತ್ರ ಮೊದಲಿನಂತಾಯಿತು. ಆಗ ಅವರು ಕೇಳಿದ ಪ್ರಶ್ನೆ ಮಾತ್ರ ಚೆನ್ನಾಗಿತ್ತು: ‘ಅದಿರಲಿ, ಒಂದು ಕೋರನ್ನ ನನ್ನ ಪೇಜು ಮಾಡೋ ಕೆಲಸಕ್ಕೇ ಅಂತ ಇಟ್ಟುಬಿಡೋಕಾಗಲ್ವಾ?’

ಆಗುತ್ತದೆ. ಆದರೆ ಅದರಿಂದ ಸಿಗುವ ಲಾಭ ನಾವು ಅಂದುಕೊಂಡದ್ದಕ್ಕಿಂತ ಬೇರೆ. ಅದನ್ನೇ ಈ ಲೇಖನದಲ್ಲಿ ವಿವರಿಸುತ್ತೇವೆ.

ಮೊದಲಿಗೆ, ಸಂಕ್ಷಿಪ್ತವಾಗಿ

- ವಿಂಡೋಸ್ ಒಂದೇ ಕೋರ್ ಬಳಸುತ್ತದೆ ಎಂಬುದು ಸುಳ್ಳು. ಯಾವ ಸೆಟ್ಟಿಂಗ್ ಬದಲಿಸದಿದ್ದರೂ ಅದು ಎಲ್ಲ ಕೋರ್‌ಗಳನ್ನು ಬಳಸುತ್ತದೆ.
- ಒಂದು ಕೆಲಸಕ್ಕೆ ಕೋರ್ ಮೀಸಲಿಡುವುದು ನಿಜವಾದ ತಂತ್ರ. ಕಾರ್ಖಾನೆಯ ಯಂತ್ರಗಳು, ಧ್ವನಿಮುದ್ರಣ, ಪ್ರಯೋಗಾಲಯದ ಉಪಕರಣಗಳಲ್ಲಿ ಅದು ಬಳಕೆಯಲ್ಲಿದೆ.
- ಅದರ ಉದ್ದೇಶ ಕೆಲಸವನ್ನು ಬೇಗ ಮುಗಿಸುವುದಲ್ಲ, ಪ್ರತಿ ಸಲವೂ ಹೊತ್ತಿಗೆ ಸರಿಯಾಗಿ ಮುಗಿಸುವುದು.
- ಮನೆ, ಕಚೇರಿ, ಅಂಗಡಿಯ ಮಾಮೂಲಿ ಕೆಲಸಕ್ಕೆ ಇದರಿಂದ ಲಾಭವಿಲ್ಲ. ನಷ್ಟವೇ ಆಗಬಹುದು.

ಕೋರ್ ಎಂದರೇನು?

ಕಂಪ್ಯೂಟರಿನ ಪ್ರೊಸೆಸರ್ ಒಳಗೆ ಲೆಕ್ಕಾಚಾರ ಮಾಡುವ ಸ್ವತಂತ್ರ ಘಟಕಗಳಿರುತ್ತವೆ. ಒಂದೊಂದು ಘಟಕವೂ ಒಂದು ಕೋರ್. ಒಂದು ದರ್ಶಿನಿಯ ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ನಾಲ್ವರು ಭಟ್ಟರಿದ್ದಾರೆ ಎಂದರೆ ಒಮ್ಮೆಗೆ ನಾಲ್ಕು ಕೆಲಸ ನಡೆಯುತ್ತದೆ. ಭಟ್ಟರು ಕೋರ್‌ಗಳು, ಬರುವ ಆರ್ಡರ್‌ಗಳು ನಮ್ಮ ಪ್ರೋಗ್ರಾಂಗಳು.

ಯಾವ ಆರ್ಡರನ್ನು ಯಾವ ಭಟ್ಟರಿಗೆ ಕೊಡಬೇಕೆಂದು ನಿರ್ಧರಿಸುವ ಮ್ಯಾನೇಜರ್ ಒಬ್ಬರು ಬೇಕು. ಕಂಪ್ಯೂಟರಿನಲ್ಲಿ ಆ ಕೆಲಸ ಆಪರೇಟಿಂಗ್ ಸಿಸ್ಟಂನದು. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಅದರೊಳಗೆ ಶೆಡ್ಯೂಲರ್ ಎಂಬ ಭಾಗವಿರುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ಒಂದೇ ಹೊತ್ತಿಗೆ ನೂರಾರು ಪ್ರಕ್ರಿಯೆಗಳು ಜೀವಂತವಾಗಿರುತ್ತವೆ, ಕೋರ್‌ಗಳು ಮಾತ್ರ ನಾಲ್ಕೋ ಎಂಟೋ. ಹಾಗಾಗಿ ಶೆಡ್ಯೂಲರ್ ಪ್ರತಿಯೊಂದಕ್ಕೂ ಕೆಲವು ಮಿಲಿಸೆಕೆಂಡುಗಳ ಸರದಿ ಕೊಡುತ್ತದೆ. ಒಂದು ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದ ಒಂದು ಭಾಗ. ಸರದಿ ಇಷ್ಟು ಚಿಕ್ಕದಾದ್ದರಿಂದ ಎಲ್ಲವೂ ಒಟ್ಟಿಗೆ ನಡೆಯುತ್ತಿವೆ ಎಂದೇ ನಮಗೆ ಅನಿಸುತ್ತದೆ.

ಈ ಏರ್ಪಾಟಿನ ಗುರಿ, ಯಾವ ಭಟ್ಟರೂ ಕೈಕಟ್ಟಿ ಕೂರದಂತೆ ನೋಡಿಕೊಳ್ಳುವುದು ಮತ್ತು ಎಲ್ಲರಿಗೂ ಒಂದಷ್ಟು ನ್ಯಾಯ ಒದಗಿಸುವುದು. ದಿನನಿತ್ಯದ ಬಳಕೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಕಿಲ್ಲ.

ಎಂಎಸ್‌ಕಾನ್ಫಿಗ್ ಸಲಹೆ ಏಕೆ ತಪ್ಪು?

ಫಾರ್ವರ್ಡ್ ಹೇಳುವುದು ಹೀಗೆ: ಎಂಎಸ್‌ಕಾನ್ಫಿಗ್ ತೆರೆಯಿರಿ, ಬೂಟ್ ಎಂಬ ವಿಭಾಗಕ್ಕೆ ಹೋಗಿ, ಅಡ್ವಾನ್ಸ್ಡ್ ಆಪ್ಷನ್ಸ್ ಒತ್ತಿ, ‘ನಂಬರ್ ಆಫ್ ಪ್ರೊಸೆಸರ್ಸ್’ ಮುಂದೆ ಟಿಕ್ ಹಾಕಿ, ದೊಡ್ಡ ಸಂಖ್ಯೆ ಆರಿಸಿ.

ಈ ಆಯ್ಕೆ ಇರುವುದು ನಿಜ. ಆದರೆ ಅದು ಕೋರ್‌ಗಳನ್ನು ಹೆಚ್ಚಿಸಲು ಇರುವ ಆಯ್ಕೆಯಲ್ಲ. ಪರೀಕ್ಷೆಗಾಗಿ ಕೋರ್‌ಗಳನ್ನು ಕಡಿಮೆ ಮಾಡಲು ಇಟ್ಟಿರುವುದು. ‘ನಮ್ಮ ತಂತ್ರಾಂಶ ಎರಡೇ ಕೋರ್ ಇರುವ ಯಂತ್ರದಲ್ಲಿ ಹೇಗೆ ನಡೆಯುತ್ತದೆ?’ ಎಂದು ತಂತ್ರಾಂಶ ಬರೆಯುವವರು ಪರೀಕ್ಷಿಸಬೇಕಾಗುತ್ತದೆ. ಅಂಥವರಿಗೆ ಇದು ಉಪಯುಕ್ತ. ಟಿಕ್ ಇಲ್ಲದಿದ್ದರೆ ಯಾವ ಮಿತಿಯೂ ಇಲ್ಲ ಎಂದರ್ಥ. ಟಿಕ್ ಹಾಕಿ ಗರಿಷ್ಠ ಸಂಖ್ಯೆ ಆರಿಸಿದರೆ ಮೊದಲು ಇದ್ದಂತೆಯೇ ಇರುತ್ತದೆ, ಲಾಭ ಸೊನ್ನೆ. ಕಡಿಮೆ ಸಂಖ್ಯೆ ಆರಿಸಿದರೆ ಉಳಿದ ಕೋರ್‌ಗಳಿಗೆ ರಜೆ.

ಅದೇ ಕಿಟಕಿಯಲ್ಲಿ ‘ಮ್ಯಾಕ್ಸಿಮಮ್ ಮೆಮೊರಿ’ ಎಂಬ ಇನ್ನೊಂದು ಟಿಕ್ ಇದೆ. ಅದೂ ಮಿತಿ ಹೇರುವ ಆಯ್ಕೆಯೇ. ಅದನ್ನು ಮುಟ್ಟಿದರೆ ಇರುವ ರ‍್ಯಾಮ್‌ನಲ್ಲಿ ಒಂದು ಭಾಗ ಬಳಕೆಗೇ ಸಿಗದೆ ಹೋಗಬಹುದು.

ನೀವು ಈಗಾಗಲೇ ಬದಲಿಸಿದ್ದರೆ ಗಾಬರಿ ಬೇಡ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಎಂಎಸ್‌ಕಾನ್ಫಿಗ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ತೆರೆಯಿರಿ. ಅದೇ ಜಾಗಕ್ಕೆ ಹೋಗಿ ಎರಡೂ ಟಿಕ್ ತೆಗೆಯಿರಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಆಮೇಲೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಎಷ್ಟು ಕೋರ್ ಕಾಣುತ್ತಿದೆ ಎಂದು ನೋಡಿ. ನಿಮ್ಮ ಪ್ರೊಸೆಸರ್‌ನಲ್ಲಿ ಇರಬೇಕಾದಷ್ಟು ಕಂಡರೆ ಎಲ್ಲ ಸರಿಯಾಗಿದೆ.

‘ರಿಯಲ್ ಟೈಮ್’ ಎಂದರೆ ವೇಗವೇ?

ಎರಡನೆಯ ಸಲಹೆಯನ್ನು ಅರ್ಥಮಾಡಿಕೊಳ್ಳಲು ಮೊದಲು ರಿಯಲ್ ಟೈಮ್ ಎಂಬ ಪದವನ್ನು ಬಿಡಿಸಬೇಕು. ಕೇಳಿದ ಕೂಡಲೇ ‘ಅತಿ ವೇಗ’ ಎಂದು ಅನಿಸುತ್ತದೆ. ಕಂಪ್ಯೂಟರ್ ವಿಜ್ಞಾನದಲ್ಲಿ ಅದರ ಅರ್ಥ ಬೇರೆ. ಉತ್ತರ ಸರಿಯಾಗಿದ್ದರೆ ಸಾಲದು, ನಿಗದಿತ ಗಡುವಿನೊಳಗೆ ಬರಬೇಕು. ತಡವಾಗಿ ಬಂದ ಸರಿ ಉತ್ತರವೂ ತಪ್ಪು ಉತ್ತರವೇ. ಇಂತಹ ಕೆಲಸಗಳನ್ನು ರಿಯಲ್ ಟೈಮ್ ಕೆಲಸಗಳು ಎನ್ನುತ್ತಾರೆ.

ಒಂದು ಉದಾಹರಣೆ ನೋಡೋಣ. ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್ ಮಾಡುವವರು ಸಾಮಾನ್ಯವಾಗಿ ಸೆಕೆಂಡಿಗೆ 48,000 ಮಾದರಿಗಳಂತೆ ಧ್ವನಿಯನ್ನು ದಾಖಲಿಸುತ್ತಾರೆ. ತಂತ್ರಾಂಶ ಇವನ್ನು ಚಿಕ್ಕ ಚಿಕ್ಕ ಕಂತುಗಳಲ್ಲಿ ಸಂಸ್ಕರಿಸುತ್ತದೆ. ಕಂತಿಗೆ 128 ಮಾದರಿಗಳು ಎಂದಿಟ್ಟುಕೊಳ್ಳಿ. 128 ಅನ್ನು 48,000ದಿಂದ ಭಾಗಿಸಿದರೆ ಸುಮಾರು 2.7 ಮಿಲಿಸೆಕೆಂಡ್. ಪ್ರತಿ ಕಂತನ್ನೂ ಅಷ್ಟರೊಳಗೆ ಮುಗಿಸಬೇಕು. ಸೆಕೆಂಡಿಗೆ 375 ಕಂತುಗಳು. ಅದರಲ್ಲಿ 374 ಕಂತು ಅರ್ಧ ಮಿಲಿಸೆಕೆಂಡಿನಲ್ಲೇ ಮುಗಿದು, ಒಂದೇ ಒಂದು ಕಂತು 4 ಮಿಲಿಸೆಕೆಂಡ್ ತೆಗೆದುಕೊಂಡರೆ? ಸರಾಸರಿ ವೇಗ ಅದ್ಭುತವಾಗಿಯೇ ಇರುತ್ತದೆ. ಆದರೆ ರೆಕಾರ್ಡಿಂಗ್‌ನಲ್ಲಿ ‘ಟಕ್’ ಎಂಬ ಸದ್ದು ಕೂತುಬಿಡುತ್ತದೆ. ಗಾಯಕರು ಮತ್ತೆ ಹಾಡಬೇಕು.

ಇನ್ನೊಂದು ಉದಾಹರಣೆಯಲ್ಲಿ ನಷ್ಟ ಇನ್ನೂ ದೊಡ್ಡದು. ಲೋಹ ಕತ್ತರಿಸುವ ಸಿಎನ್‌ಸಿ ಯಂತ್ರಗಳನ್ನು ಸಾಮಾನ್ಯ ಡೆಸ್ಕ್‌ಟಾಪ್ ಕಂಪ್ಯೂಟರಿನಿಂದಲೇ ನಡೆಸಬಲ್ಲ ಲಿನಕ್ಸ್‌ಸಿಎನ್‌ಸಿ ಎಂಬ ಉಚಿತ ತಂತ್ರಾಂಶವಿದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್‌ನಲ್ಲಿ 1990ರ ದಶಕದಲ್ಲಿ ಆರಂಭವಾದ ಯೋಜನೆ ಇದರ ಮೂಲ. ಕೆಲವು ಚಿಕ್ಕ ಯಂತ್ರಗಳಲ್ಲಿ ಮೋಟರಿಗೆ ‘ಒಂದು ಹೆಜ್ಜೆ ತಿರುಗು’ ಎಂಬ ಪ್ರತಿಯೊಂದು ಸೂಚನೆಯನ್ನೂ ಕಂಪ್ಯೂಟರೇ ಕೊಡುತ್ತದೆ. ಮೋಟರಿಗೆ ಸೆಕೆಂಡಿಗೆ 20,000 ಹೆಜ್ಜೆ ಬೇಕೆಂದರೆ 50 ಮೈಕ್ರೊಸೆಕೆಂಡಿಗೆ ಒಂದು ಸೂಚನೆ ಹೋಗಬೇಕು. ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ. ನಡುವೆ ಕಂಪ್ಯೂಟರ್ ಒಂದೇ ಒಂದು ಮಿಲಿಸೆಕೆಂಡ್ ಬೇರೆ ಕಡೆ ಗಮನ ಕೊಟ್ಟರೆ 20 ಹೆಜ್ಜೆಗಳ ಹೊತ್ತು ತಪ್ಪಿಹೋಗುತ್ತದೆ. ಓಡುತ್ತಿದ್ದ ಮೋಟರ್ ಮುಗ್ಗರಿಸಬಹುದು, ಕತ್ತರಿಸುತ್ತಿದ್ದ ತುಂಡು ಹಾಳಾಗಬಹುದು, ಟೂಲ್ ಮುರಿಯಬಹುದು.

ಈ ತಂತ್ರಾಂಶದ ಕೈಪಿಡಿ ಒಂದು ಸ್ವಾರಸ್ಯದ ಮಾತು ಹೇಳುತ್ತದೆ. ಪ್ರತಿ ಸಲವೂ ತಪ್ಪದೆ 10 ಮೈಕ್ರೊಸೆಕೆಂಡಿನಲ್ಲಿ ಓಗೊಡುವ ಹಳೆಯ ಪೆಂಟಿಯಂ 2 ಕಂಪ್ಯೂಟರ್, ಎಷ್ಟೋ ಪಟ್ಟು ವೇಗದ ಹೊಸ ಯಂತ್ರಕ್ಕಿಂತ ಈ ಕೆಲಸಕ್ಕೆ ಉತ್ತಮವಾಗಬಹುದಂತೆ. ರಿಯಲ್ ಟೈಮ್ ಕೆಲಸದಲ್ಲಿ ನೋಡುವುದು ಸರಾಸರಿಯನ್ನಲ್ಲ, ಅತಿ ಕೆಟ್ಟ ಗಳಿಗೆಯಲ್ಲಿ ಎಷ್ಟು ತಡವಾಯಿತು ಎಂಬುದನ್ನು.

ಟಾಸ್ಕ್ ಮ್ಯಾನೇಜರ್‌ನಲ್ಲಿ ‘ರಿಯಲ್‌ಟೈಮ್’ ಆರಿಸಿದರೆ?

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಡೀಟೇಲ್ಸ್ ವಿಭಾಗಕ್ಕೆ ಹೋಗಿ ಯಾವುದೇ ಪ್ರೋಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎರಡು ಆಯ್ಕೆಗಳು ಕಾಣುತ್ತವೆ. ಒಂದು ‘ಸೆಟ್ ಪ್ರಯಾರಿಟಿ’, ಇನ್ನೊಂದು ‘ಸೆಟ್ ಅಫಿನಿಟಿ’. ಫಾರ್ವರ್ಡ್‌ಗಳು ಹೇಳುವ ಎರಡನೆಯ ಸಲಹೆ ಇವುಗಳ ಕುರಿತಾದದ್ದು.

ಪ್ರಯಾರಿಟಿ ಎಂದರೆ ಆದ್ಯತೆ. ವಿಂಡೋಸ್ ಒಳಗೆ ಆದ್ಯತೆಗೆ 0ಯಿಂದ 31ರವರೆಗೆ ಮಟ್ಟಗಳಿವೆ. ಸಾಮಾನ್ಯ ಪ್ರೋಗ್ರಾಂಗಳು 8ರ ಆಸುಪಾಸಿನಲ್ಲಿ ಇರುತ್ತವೆ. 16ರಿಂದ ಮೇಲಿನದು ರಿಯಲ್‌ಟೈಮ್ ವರ್ಗ. ಒಂದು ಪ್ರೋಗ್ರಾಂ ಅನ್ನು ಅಲ್ಲಿಗೆ ಏರಿಸಿದರೆ ಅದು ಉಳಿದ ಪ್ರೋಗ್ರಾಂಗಳನ್ನಷ್ಟೇ ಅಲ್ಲ, ಆಪರೇಟಿಂಗ್ ಸಿಸ್ಟಂನ ಕೆಲವು ಮುಖ್ಯ ಕೆಲಸಗಳನ್ನೂ ಪಕ್ಕಕ್ಕೆ ತಳ್ಳಬಲ್ಲದು. ಹೀಗಾದರೆ ಮೌಸ್ ಸ್ಪಂದಿಸದಿರಬಹುದು, ಡಿಸ್ಕಿಗೆ ಬರೆಯಬೇಕಾದ ಮಾಹಿತಿ ಬಾಕಿ ಉಳಿಯಬಹುದು ಎಂದು ಮೈಕ್ರೊಸಾಫ್ಟ್‌ನ ದಾಖಲೆಗಳೇ ಎಚ್ಚರಿಸುತ್ತವೆ. ಅಂದರೆ ನೀವು ಮಾಡಿದ ಕೆಲಸ ಸೇವ್ ಆಗದೇ ಉಳಿಯುವ ಅಪಾಯವಿದೆ. ಅಡ್ಮಿನಿಸ್ಟ್ರೇಟರ್ ಅನುಮತಿ ಇಲ್ಲದೆ ರಿಯಲ್‌ಟೈಮ್ ಕೇಳಿದರೆ ವಿಂಡೋಸ್ ಅದರ ಬದಲು ‘ಹೈ’ ಮಟ್ಟವನ್ನು ಕೊಟ್ಟು ಸುಮ್ಮನಾಗುತ್ತದೆ.

ಇಷ್ಟು ಮಾಡಿದರೂ ಗಡುವಿನ ಖಾತರಿ ಸಿಗುವುದಿಲ್ಲ. ಕೀಬೋರ್ಡ್, ನೆಟ್‌ವರ್ಕ್ ಕಾರ್ಡ್, ಡಿಸ್ಕ್ ಮುಂತಾದವು ‘ನನ್ನನ್ನು ಗಮನಿಸು’ ಎಂದು ಪ್ರೊಸೆಸರಿಗೆ ಕಳಿಸುವ ಕರೆಗೆ ಇಂಟರಪ್ಟ್ ಎಂದು ಹೆಸರು. ಮಟ್ಟ 31ರಲ್ಲಿರುವ ಪ್ರೋಗ್ರಾಂ ಕೂಡ ಇಂಟರಪ್ಟ್ ಬಂದಾಗ ನಿಲ್ಲಲೇಬೇಕು. ಯಾವುದೋ ಡ್ರೈವರ್ ಸರಿಯಾಗಿ ಬರೆದಿಲ್ಲವಾದರೆ ಆ ನಿಲುಗಡೆ ಉದ್ದವಾಗುತ್ತದೆ.

ಇನ್ನು ಅಫಿನಿಟಿ. ಇದು ‘ಈ ಪ್ರೋಗ್ರಾಂ ಇಂತಿಂಥ ಕೋರ್‌ಗಳಲ್ಲೇ ನಡೆಯಲಿ’ ಎನ್ನುವ ನಿಯಮ. ಬಹಳ ಮಂದಿ ತಪ್ಪು ತಿಳಿಯುವುದು ಇಲ್ಲೇ. ಈ ನಿಯಮ ಕಟ್ಟಿಹಾಕುವುದು ಆ ಪ್ರೋಗ್ರಾಂ ಅನ್ನು ಮಾತ್ರ, ಉಳಿದವನ್ನಲ್ಲ. ದರ್ಶಿನಿಯ ಭಾಷೆಯಲ್ಲಿ ಹೇಳುವುದಾದರೆ, ‘ಈ ಗಿರಾಕಿಯ ದೋಸೆಯನ್ನು ಮೂರನೇ ಭಟ್ಟರೇ ಹಾಕಬೇಕು’ ಎಂದು ನೀವು ಹೇಳಿದ್ದೀರಿ. ‘ಮೂರನೇ ಭಟ್ಟರಿಗೆ ಬೇರೆ ಯಾರ ಆರ್ಡರೂ ಕೊಡಬೇಡಿ’ ಎಂದು ಹೇಳಿಲ್ಲ. ಈಗ ಮೂರನೆಯವರ ಮುಂದೆ ಸಾಲು ಬೆಳೆದು, ಪಕ್ಕದ ಭಟ್ಟರು ಬಿಡುವಾಗಿದ್ದರೂ ಆ ಗಿರಾಕಿ ಕಾಯುತ್ತಲೇ ಇರಬೇಕು. ಅಫಿನಿಟಿ ಬದಲಿಸಿ ‘ಕೋರ್ ಮೀಸಲಿಟ್ಟೆ’ ಎಂದುಕೊಂಡವರ ಪ್ರೋಗ್ರಾಂ ಇನ್ನೂ ನಿಧಾನವಾಗುವುದು ಹೀಗೆ. ಪ್ರೋಗ್ರಾಂ ಮುಚ್ಚಿ ತೆರೆದರೆ ಈ ಎರಡೂ ಬದಲಾವಣೆ ಹೋಗಿರುತ್ತವೆ ಎಂಬುದೊಂದೇ ಸಮಾಧಾನ.

ಹಾಗಾದರೆ ನಿಜವಾಗಿ ಕೋರ್ ಮೀಸಲಿಡುವುದು ಹೇಗೆ?

ಇದು ಹೆಚ್ಚಾಗಿ ನಡೆಯುವುದು ಲಿನಕ್ಸ್‌ನಲ್ಲಿ. ಅಲ್ಲಿ ಮೀಸಲಿಡುವ ಕೆಲಸಕ್ಕೆ ಒಂದೇ ಗುಂಡಿಯಿಲ್ಲ. ಒಂದು ಕೋಣೆಯನ್ನು ಪೂರ್ತಿ ನಿಶ್ಶಬ್ದಗೊಳಿಸಲು ಒಂದೊಂದೇ ಸದ್ದನ್ನು ಹುಡುಕಿ ನಿಲ್ಲಿಸುವ ಹಾಗೆ, ಇಲ್ಲೂ ಹಂತ ಹಂತವಾಗಿ ಸಾಗಬೇಕು.

ಮೊದಲ ಹಂತ, ಬೇರೆ ಪ್ರೋಗ್ರಾಂಗಳನ್ನು ದೂರವಿಡುವುದು. ಕಂಪ್ಯೂಟರ್ ಆರಂಭವಾಗುವಾಗಲೇ ‘ಐಸೋಲ್‌ಸಿಪಿಯುಸ್’ ಎಂಬ ಸೂಚನೆಯ ಮೂಲಕ ‘ಈ ಕೋರ್‌ಗಳಿಗೆ ಮಾಮೂಲಿ ಕೆಲಸ ಕೊಡಬೇಡ’ ಎಂದು ಶೆಡ್ಯೂಲರಿಗೆ ಹೇಳಬಹುದು. ಇದೇ ಕೆಲಸವನ್ನು ಕಂಪ್ಯೂಟರ್ ಚಾಲೂ ಇರುವಾಗಲೇ ಮಾಡಲು ‘ಸಿಪಿಯುಸೆಟ್’ ಎಂಬ ವ್ಯವಸ್ಥೆಯಿದೆ. ಹೊಸ ವ್ಯವಸ್ಥೆಗಳಿಗೆ ಅದನ್ನೇ ಬಳಸುವಂತೆ ಲಿನಕ್ಸ್ ದಾಖಲೆಗಳು ಸೂಚಿಸುತ್ತವೆ. ಕೋರ್‌ಗಳ ಎಣಿಕೆ ಸೊನ್ನೆಯಿಂದ ಶುರು. ಸೊನ್ನೆಯ ಕೋರನ್ನು ಸಾಮಾನ್ಯವಾಗಿ ಮನೆಗೆಲಸಕ್ಕೆ ಬಿಟ್ಟು, ಉಳಿದವುಗಳಲ್ಲಿ ಒಂದನ್ನು ಮೀಸಲಿಡುತ್ತಾರೆ.

ಎರಡನೆಯ ಹಂತ, ನಮ್ಮ ಕೆಲಸವನ್ನು ಆ ಕೋರಿಗೆ ಕಳಿಸುವುದು. ಮೀಸಲು ಕೋರಿಗೆ ಯಾವ ಕೆಲಸವೂ ತಾನಾಗಿ ಬರುವುದಿಲ್ಲ. ‘ಟಾಸ್ಕ್‌ಸೆಟ್’ನಂತಹ ಆದೇಶದಿಂದ ಕಳಿಸಬೇಕು. ಅದನ್ನು ಮರೆತರೆ ಆ ಕೋರ್ ಸುಮ್ಮನೆ ಖಾಲಿ ಕೂತಿರುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಐಸೋಲ್‌ಸಿಪಿಯುಸ್ ಮೂಲಕ ಎರಡು ಕೋರ್ ಮೀಸಲಿಟ್ಟು, ನಾಲ್ಕು ಎಳೆಗಳಿರುವ ಮಾಮೂಲಿ ಪ್ರೋಗ್ರಾಂ ಅನ್ನು ಅಲ್ಲಿಗೆ ಕಳಿಸಿದರೆ ಶೆಡ್ಯೂಲರ್ ಅದನ್ನು ಎರಡು ಕೋರ್‌ಗಳಿಗೆ ಸಮನಾಗಿ ಹಂಚುವುದಿಲ್ಲ. ನಾಲ್ಕೂ ಎಳೆಗಳು ಒಂದೇ ಕೋರಿನ ಮೇಲೆ ಬೀಳಬಹುದು. ವೇಗಕ್ಕಾಗಿ ಈ ತಂತ್ರ ಬಳಸಿದವರಿಗೆ ಪ್ರೋಗ್ರಾಂ ತೆವಳುವುದು ಕಂಡು ಆಶ್ಚರ್ಯವಾಗುವುದು ಇದರಿಂದಲೇ.

ಮೂರನೆಯ ಹಂತ, ಇಂಟರಪ್ಟ್‌ಗಳನ್ನು ಬೇರೆ ಕೋರ್‌ಗಳಿಗೆ ತಿರುಗಿಸುವುದು. ನೆಟ್‌ವರ್ಕ್ ಕಾರ್ಡಿನ ಕರೆಗೆ ಸೊನ್ನೆಯ ಕೋರ್ ಉತ್ತರಿಸಲಿ, ಮೀಸಲು ಕೋರಿನ ಬಾಗಿಲು ಬಡಿಯುವುದು ಬೇಡ ಎಂಬ ಏರ್ಪಾಟು ಇದು.

ನಾಲ್ಕನೆಯದು ಗಡಿಯಾರದ ಟಿಕ್. ಸರದಿ ಬದಲಿಸುವ ಹೊತ್ತಾಯಿತೇ ಎಂದು ನೋಡಲು ಲಿನಕ್ಸ್ ಪ್ರತಿ ಕೋರನ್ನೂ ಸೆಕೆಂಡಿಗೆ ನೂರಾರು ಸಲ ತಟ್ಟುತ್ತದೆ. ಸಾಮಾನ್ಯವಾಗಿ 250 ಅಥವಾ 1,000 ಸಲ. ಒಂದೇ ಕೆಲಸ ನಡೆಯುವ ಕೋರಿನಲ್ಲಿ ಸರದಿಯ ಪ್ರಶ್ನೆಯೇ ಇಲ್ಲವಾದ್ದರಿಂದ ‘ನೋಹರ್ಟ್ಸ್ ಫುಲ್’ ಎಂಬ ಸೂಚನೆಯಿಂದ ಈ ತಟ್ಟುವಿಕೆಯನ್ನು ಬಹುಮಟ್ಟಿಗೆ ನಿಲ್ಲಿಸಬಹುದು. ಕರ್ನಲ್ ತನ್ನ ಹಳೆಯ ದತ್ತಾಂಶವನ್ನು ಸ್ವಚ್ಛಗೊಳಿಸುವ ಕೆಲಸವನ್ನೂ ಹೀಗೆಯೇ ಬೇರೆ ಕೋರಿಗೆ ವರ್ಗಾಯಿಸಬಹುದು.

ಐದನೆಯದು ಮೆಮೊರಿ. ನಮ್ಮ ಪ್ರೋಗ್ರಾಂಗೆ ಬೇಕಾದ ಮಾಹಿತಿ ರ‍್ಯಾಮ್‌ನಿಂದ ಡಿಸ್ಕಿಗೆ ಸರಿದಿದ್ದರೆ ಅದನ್ನು ವಾಪಸು ತರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಆದ್ದರಿಂದ ರಿಯಲ್ ಟೈಮ್ ಪ್ರೋಗ್ರಾಂಗಳು ತಮ್ಮ ಮಾಹಿತಿಯನ್ನು ರ‍್ಯಾಮ್‌ನಲ್ಲೇ ಬೀಗ ಹಾಕಿ ಇಟ್ಟುಕೊಳ್ಳುತ್ತವೆ.

ಕೊನೆಯದಾಗಿ ಕರ್ನಲ್‌ನ ಸ್ವಭಾವ. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಅದು ತನ್ನದೇ ಕೆಲಸದ ನಡುವೆ ಇರುವಾಗ ‘ತಡಿ, ಇದು ಮುಗಿಯಲಿ’ ಎನ್ನುವ ಸಂದರ್ಭಗಳಿರುತ್ತವೆ. ಅವನ್ನು ಆದಷ್ಟು ಕಡಿಮೆ ಮಾಡುವ ಬದಲಾವಣೆಗಳ ಕಂತೆಗೆ ‘ಪ್ರಿಎಂಪ್ಟ್ ಆರ್‌ಟಿ’ ಎಂದು ಹೆಸರು. 2004ರ ಸುಮಾರಿಗೆ ಶುರುವಾದ ಈ ಕೆಲಸ ಸುಮಾರು 20 ವರ್ಷ ಮುಖ್ಯ ಲಿನಕ್ಸ್‌ನ ಹೊರಗೆ ಪ್ರತ್ಯೇಕವಾಗಿಯೇ ನಡೆಯಿತು. 2024ರ ನವೆಂಬರ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 6.12ರಲ್ಲಿ ಅದು ಮುಖ್ಯ ಕರ್ನಲ್‌ನ ಭಾಗವಾಯಿತು. ಎರಡು ದಶಕ ಹಿಡಿದ ಕೆಲಸವನ್ನು ಫಾರ್ವರ್ಡ್ ಎರಡು ಕ್ಲಿಕ್ಕಿನಲ್ಲಿ ಮುಗಿಸುತ್ತೇನೆ ಎನ್ನುತ್ತದೆ!

ವಿಂಡೋಸ್‌ನಲ್ಲಿ ದಾರಿಯೇ ಇಲ್ಲವೆಂದಲ್ಲ. ಯಂತ್ರೋಪಕರಣಗಳಿಗೆಂದು ಮಾರುವ ವಿಂಡೋಸ್ ಐಒಟಿ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಕೋರ್‌ಗಳನ್ನು ರಿಯಲ್ ಟೈಮ್ ಕೆಲಸಕ್ಕೆ ಬದಿಗಿಡುವ ಸೌಲಭ್ಯವಿದೆ. ಬೆಕ್‌ಹಾಫ್ ಕಂಪನಿಯ ಟ್ವಿನ್‌ಕ್ಯಾಟ್, ಇಂಟರ್ವಲ್‌ಜೀರೋ ಕಂಪನಿಯ ಆರ್‌ಟಿಎಕ್ಸ್64 ತಂತ್ರಾಂಶಗಳು ಕೆಲವು ಕೋರ್‌ಗಳನ್ನು ವಿಂಡೋಸ್‌ನ ಕೈಯಿಂದ ಪಡೆದು, ಅವುಗಳ ಮೇಲೆ ತಮ್ಮದೇ ರಿಯಲ್ ಟೈಮ್ ವ್ಯವಸ್ಥೆಯನ್ನು ನಡೆಸುತ್ತವೆ. ಇವೆಲ್ಲ ಕಾರ್ಖಾನೆಗಳಿಗಾಗಿ ಇರುವ ಪರಿಹಾರಗಳು.

ಮೀಸಲಿಟ್ಟ ಮೇಲೂ ತಡವಾಗಬಹುದೇ?

ಆಗಬಹುದು. ಭಟ್ಟರು ಬೇರೆಯಾದರೂ ಅಡುಗೆಮನೆ ಒಂದೇ ಅಲ್ಲವೇ? ಫ್ರಿಜ್ ಒಂದೇ, ಸಾಮಾನು ತರುವ ಬಾಗಿಲೂ ಒಂದೇ. ಹಾಗೆಯೇ ಕೋರ್‌ಗಳು ಮೆಮೊರಿಗೆ ಹೋಗುವ ದಾರಿಯನ್ನು, ಬಹಳಷ್ಟು ಪ್ರೊಸೆಸರ್‌ಗಳಲ್ಲಿ ದೊಡ್ಡ ಕ್ಯಾಶ್ ಅನ್ನು ಹಂಚಿಕೊಳ್ಳುತ್ತವೆ. ಪಕ್ಕದ ಕೋರಿನಲ್ಲಿ ವಿಡಿಯೊ ಎಡಿಟಿಂಗ್ ನಡೆಯುತ್ತಿದ್ದರೆ ಮೀಸಲು ಕೋರ್ ತನ್ನ ಮಾಹಿತಿಗಾಗಿ ಕಾಯಬೇಕಾಗಬಹುದು.

ಹೈಪರ್‌ಥ್ರೆಡಿಂಗ್ ಇರುವ ಪ್ರೊಸೆಸರ್‌ಗಳಲ್ಲಿ ಒಂದೇ ಕೋರ್ ಎರಡಾಗಿ ಕಾಣುತ್ತದೆ. ಟಾಸ್ಕ್ ಮ್ಯಾನೇಜರ್ ಎಂಟು ತೋರಿಸಿದರೂ ಒಳಗಿರುವುದು ನಾಲ್ಕೇ ಇರಬಹುದು. ಆ ಜೋಡಿಯಲ್ಲಿ ಒಂದನ್ನು ಮಾತ್ರ ಮೀಸಲಿಟ್ಟರೆ ಅರ್ಧ ಒಲೆ ಮೀಸಲಿಟ್ಟ ಹಾಗೆ.

ವಿದ್ಯುತ್ ಉಳಿತಾಯವೂ ಅಡ್ಡ ಬರುತ್ತದೆ. ಕೆಲಸವಿಲ್ಲದ ಕೋರ್ ನಿದ್ದೆಗೆ ಜಾರುತ್ತದೆ. ಗಾಢ ನಿದ್ದೆಯಿಂದ ಏಳಲು ಹತ್ತಾರು, ಕೆಲವೊಮ್ಮೆ ನೂರಾರು ಮೈಕ್ರೊಸೆಕೆಂಡ್ ಬೇಕಾಗುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಇದರ ಕಾಟ ಹೆಚ್ಚು.

ಎಲ್ಲಕ್ಕಿಂತ ಕಠಿಣವಾದದ್ದು ಎಸ್‌ಎಂಐ ಎಂಬ ವಿಶೇಷ ಇಂಟರಪ್ಟ್. ಮದರ್‌ಬೋರ್ಡಿನ ಮೂಲ ತಂತ್ರಾಂಶ ತನ್ನ ಒಳಗಿನ ಕೆಲಸಗಳಿಗಾಗಿ ಇದನ್ನು ಬಳಸುತ್ತದೆ. ಇದು ಬಂದಾಗ ಆಪರೇಟಿಂಗ್ ಸಿಸ್ಟಂಗೆ ಸುದ್ದಿಯೂ ತಿಳಿಯುವುದಿಲ್ಲ, ತಡೆಯಲೂ ಆಗುವುದಿಲ್ಲ. ಕೆಲವು ಕಂಪ್ಯೂಟರ್‌ಗಳು ಎಷ್ಟೇ ಹೊಸದಾಗಿದ್ದರೂ ರಿಯಲ್ ಟೈಮ್ ಕೆಲಸಕ್ಕೆ ಒಗ್ಗದಿರಲು ಇದೊಂದು ಕಾರಣ.

ಆದ್ದರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಊಹಿಸುವುದಿಲ್ಲ, ಅಳೆಯುತ್ತಾರೆ. ‘ಸೈಕ್ಲಿಕ್‌ಟೆಸ್ಟ್’ ಎಂಬ ಸಾಧನ ನಿಗದಿತ ಹೊತ್ತಿಗೂ ನಿಜವಾಗಿ ಎಚ್ಚರಗೊಂಡ ಹೊತ್ತಿಗೂ ಇರುವ ಅಂತರವನ್ನು ದಾಖಲಿಸುತ್ತದೆ. ಲಿನಕ್ಸ್‌ಸಿಎನ್‌ಸಿಯಲ್ಲೂ ಇಂತಹ ಪರೀಕ್ಷೆಯಿದೆ. ಅದು ನಡೆಯುತ್ತಿರುವಾಗ ಕಿಟಕಿಗಳನ್ನು ಎಳೆದಾಡಿ, ದೊಡ್ಡ ಫೈಲ್‌ಗಳನ್ನು ಕಾಪಿ ಮಾಡಿ, ಹಾಡು ಹಾಕಿ ಎಂದು ಕೈಪಿಡಿ ಹೇಳುತ್ತದೆ. ಯಂತ್ರಕ್ಕೆ ಆದಷ್ಟು ತೊಂದರೆ ಕೊಟ್ಟಾಗಲೇ ಅದರ ಕೆಟ್ಟ ಗಳಿಗೆ ಹೊರಬರುವುದು. ಗರಿಷ್ಠ ಏರುಪೇರು 15ರಿಂದ 20 ಮೈಕ್ರೊಸೆಕೆಂಡಿನೊಳಗೆ ಇದ್ದರೆ ತುಂಬ ಒಳ್ಳೆಯದು, 100 ದಾಟಿದರೆ ಮೋಟರಿನ ಹೆಜ್ಜೆಗಳನ್ನು ತಂತ್ರಾಂಶವೇ ಕೊಡುವ ಕೆಲಸಕ್ಕೆ ಆ ಕಂಪ್ಯೂಟರ್ ಬೇಡ ಎಂಬುದು ಅದರ ಸಲಹೆ.

ಇದಕ್ಕೆ ತೆರಬೇಕಾದ ಬೆಲೆ

ನಾಲ್ಕು ಕೋರ್‌ಗಳಲ್ಲಿ ಒಂದನ್ನು ಮೀಸಲಿಟ್ಟರೆ ಉಳಿದ ಎಲ್ಲ ಕೆಲಸಗಳಿಗೆ ಸಿಗುವ ಕೋರ್‌ಗಳು ಶೇ. 25 ಕಡಿಮೆ. ಎರಡೇ ಕೋರ್ ಇದ್ದರೆ ಅರ್ಧಕ್ಕರ್ಧ. ಮೀಸಲು ಕೋರ್ ಹೆಚ್ಚಿನ ಹೊತ್ತು ಖಾಲಿಯಿದ್ದರೂ ಬೇರೆಯವರು ಬಳಸುವಂತಿಲ್ಲ. ಆಂಬುಲೆನ್ಸ್‌ಗಾಗಿ ರಸ್ತೆಯ ಒಂದು ಪಥವನ್ನು ಖಾಲಿ ಬಿಟ್ಟಂತೆ ಇದು. ಆಂಬುಲೆನ್ಸ್ ಹೊತ್ತಿಗೆ ಸರಿಯಾಗಿ ತಲುಪುತ್ತದೆ, ಉಳಿದ ವಾಹನಗಳು ಕಡಿಮೆ ಜಾಗದಲ್ಲಿ ಹೊಂದಿಕೊಳ್ಳಬೇಕು. ಪ್ರಾಣ ಉಳಿಸುವ ಕೆಲಸಕ್ಕೆ ಆ ಬೆಲೆ ನ್ಯಾಯವೇ. ತರಕಾರಿ ತರಲು ಹೊರಟ ಸ್ಕೂಟರಿಗೆ ಆ ಪಥ ಬಿಟ್ಟುಕೊಡುವುದರಲ್ಲಿ ಅರ್ಥವಿಲ್ಲ.

ರಿಯಲ್ ಟೈಮ್ ಕೆಲಸವೇ ಕೆಟ್ಟು, ನಿಲ್ಲದೆ ಸುತ್ತತೊಡಗಿದರೆ ಇಡೀ ಕಂಪ್ಯೂಟರ್ ಸ್ತಬ್ಧವಾಗುವ ಅಪಾಯವೂ ಇದೆ. ಅದಕ್ಕಾಗಿ ಲಿನಕ್ಸ್‌ನಲ್ಲಿ ಒಂದು ಸುರಕ್ಷಾ ಕ್ರಮವಿದೆ. ಯಾರೂ ಬದಲಿಸದಿದ್ದರೆ, ರಿಯಲ್ ಟೈಮ್ ಕೆಲಸಗಳು ಪ್ರತಿ ಸೆಕೆಂಡಿನಲ್ಲಿ 0.95 ಸೆಕೆಂಡ್ ಮಾತ್ರ ಬಳಸಬಹುದು, ಉಳಿದ 0.05 ಸೆಕೆಂಡ್ ಮಾಮೂಲಿ ಕೆಲಸಗಳ ಪಾಲಿಗೆ.

ಯಂತ್ರ ನಡೆಸುವವರಿಗೆ ಒಂದು ಮಾತು ಮುಖ್ಯ. ಎಷ್ಟೇ ಚೆನ್ನಾಗಿ ಕೋರ್ ಮೀಸಲಿಟ್ಟಿದ್ದರೂ ಯಂತ್ರವನ್ನು ತುರ್ತಾಗಿ ನಿಲ್ಲಿಸುವ ಕೆಂಪು ಗುಂಡಿ ತಂತ್ರಾಂಶವನ್ನು ನಂಬಿಕೊಂಡಿರಬಾರದು. ಅದು ನೇರವಾಗಿ ವಿದ್ಯುತ್ ಸಂಪರ್ಕವನ್ನೇ ಕಡಿಯುವಂತಿರಬೇಕು. ಅಲ್ಲಿ ಇರುವುದು ಕೆಲಸಗಾರರ ಕೈಬೆರಳುಗಳ ಪ್ರಶ್ನೆ.

ಮೊಬೈಲ್ ಫೋನಿನಲ್ಲಿ?

‘ಕೋರ್ ಬೂಸ್ಟರ್’ ಎಂಬಂತಹ ಹೆಸರಿನ ಆ್ಯಪ್‌ಗಳನ್ನು ನೀವು ನೋಡಿರಬಹುದು. ಆಂಡ್ರಾಯ್ಡ್‌ನ ತಳದಲ್ಲಿರುವುದು ಲಿನಕ್ಸ್ ಕರ್ನಲ್. ಮೇಲೆ ಹೇಳಿದ ಸಿಪಿಯುಸೆಟ್ ವ್ಯವಸ್ಥೆಯನ್ನು ಅದು ಈಗಾಗಲೇ ಬಳಸುತ್ತಿದೆ. ನೀವು ನೋಡುತ್ತಿರುವ ಆ್ಯಪ್‌ಗೆ ಹೆಚ್ಚು ಕೋರ್‌ಗಳು, ಹಿನ್ನೆಲೆಯಲ್ಲಿರುವವಕ್ಕೆ ಕಡಿಮೆ ಕೋರ್‌ಗಳು ಎಂಬ ಹಂಚಿಕೆ ತಾನಾಗಿ ನಡೆಯುತ್ತದೆ. ಆಟ ಆಡುವಾಗ ಒಂದು ಹಂಚಿಕೆ, ಆಟ ಬಿಟ್ಟು ಮೆಸೇಜ್ ನೋಡುವಾಗ ಇನ್ನೊಂದು. ಪ್ಲೇ ಸ್ಟೋರ್‌ನಿಂದ ಇಳಿಸಿಕೊಂಡ ಮಾಮೂಲಿ ಆ್ಯಪ್‌ಗೆ ಬೇರೆ ಆ್ಯಪ್‌ಗಳ ಕೋರ್ ಹಂಚಿಕೆಯನ್ನು ಬದಲಿಸುವ ಅಧಿಕಾರವಿಲ್ಲ. ಅದು ತೋರಿಸುವ ರಾಕೆಟ್ ಚಿತ್ರ ಬರೀ ಚಿತ್ರ.

ಹಾಗಾದರೆ ಯಾರಿಗೆ ಬೇಕು, ಯಾರಿಗೆ ಬೇಡ?

ಬೇಕಾಗಬಹುದು: ಕಂಪ್ಯೂಟರಿನಿಂದಲೇ ಯಂತ್ರ ನಡೆಸುವವರಿಗೆ, ಪ್ರಯೋಗಾಲಯದಲ್ಲಿ ಕ್ಷಣಕ್ಷಣದ ಅಳತೆ ದಾಖಲಿಸುವವರಿಗೆ, ತೀರಾ ಚಿಕ್ಕ ಕಂತುಗಳಲ್ಲಿ ಧ್ವನಿ ಸಂಸ್ಕರಿಸುವವರಿಗೆ. ಧ್ವನಿಮುದ್ರಣ ಮಾಡುವವರು ಕೋರ್ ಮೀಸಲಿಡುವ ಮೊದಲು ಕಂತಿನ ಗಾತ್ರವನ್ನು 128ರಿಂದ 256ಕ್ಕೆ ಏರಿಸಿ ನೋಡಿ. ಗಡುವು ಎರಡರಷ್ಟಾಗುತ್ತದೆ, ಬಹಳ ಸಲ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಬೇಡ: ಟೈಪಿಂಗ್, ಪುಟವಿನ್ಯಾಸ, ಬ್ರೌಸಿಂಗ್, ಆನ್‌ಲೈನ್ ತರಗತಿ, ಲೆಕ್ಕಪತ್ರ, ಸಿನಿಮಾ ನೋಡುವುದು. ಈ ಕೆಲಸಗಳಲ್ಲಿ ಮೈಕ್ರೊಸೆಕೆಂಡಿನ ಗಡುವು ಇಲ್ಲ. ಇಲ್ಲಿ ಕಂಪ್ಯೂಟರ್ ನಿಧಾನವೆನಿಸಿದರೆ ಕಾರಣ ಸಾಮಾನ್ಯವಾಗಿ ಬೇರೆ ಇರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ಮೂರು ವಿಷಯ ನೋಡಿ. ಮೆಮೊರಿ ತುಂಬಿದೆಯೇ? ಡಿಸ್ಕ್ ಸದಾ ಶೇ. 100 ತೋರಿಸುತ್ತಿದೆಯೇ? ಕಂಪ್ಯೂಟರ್ ಶುರುವಾಗುವಾಗಲೇ ಬೇಡದ ಪ್ರೋಗ್ರಾಂಗಳು ಏಳುತ್ತಿವೆಯೇ? ರ‍್ಯಾಮ್ ಸ್ವಲ್ಪ ಹೆಚ್ಚಿಸುವುದು ಅಥವಾ ಹಳೆಯ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸುವುದು ಹೊಸ ಯಂತ್ರಕ್ಕಿಂತ ಬಹಳ ಅಗ್ಗ.

ನಮ್ಮ ಡಿಟಿಪಿ ಅಂಗಡಿಯವರಿಗೂ ಇದನ್ನೇ ಹೇಳಿದೆವು. ಪುಟ ಮಾಡುವ ಕೆಲಸಕ್ಕೆ ಕೋರ್ ಮೀಸಲಿಡುವುದರಿಂದ ಒಂದು ಲಗ್ನಪತ್ರಿಕೆಯೂ ಬೇಗ ಮುಗಿಯುವುದಿಲ್ಲ. ಅವರು ಸಾಲದ ಯೋಚನೆ ಕೈಬಿಟ್ಟು ಎಸ್‌ಎಸ್‌ಡಿ ಹಾಕಿಸಿಕೊಂಡರು. ಸೀಸನ್ ಅದೇ ಯಂತ್ರದಲ್ಲಿ ಮುಗಿಯಿತು.

ಮುಂದಿನ ಸಲ ‘ಈ ಸೆಟ್ಟಿಂಗ್ ಬದಲಿಸಿ, ವೇಗ ಹೆಚ್ಚಿಸಿ’ ಎಂಬ ಸಂದೇಶ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಅಷ್ಟು ಸುಲಭದ ಲಾಭವಿದ್ದಿದ್ದರೆ ಕಂಪ್ಯೂಟರ್ ತಯಾರಿಸಿದವರು ಅದನ್ನು ಮೊದಲೇ ಆನ್ ಮಾಡಿ ಕೊಡುತ್ತಿರಲಿಲ್ಲವೇ? ಅದನ್ನು ನಿಮಗೆ ಕಳಿಸಿದವರಿಗೂ ಈ ಪ್ರಶ್ನೆ ಕಳಿಸಿ. ಯಾರಿಗಾದರೂ ಒಂದು ಹೊಸ ಕಂಪ್ಯೂಟರಿನ ಖರ್ಚು ಉಳಿಯಬಹುದು.